ನೂರ ಹನ್ನೆರಡನೇ ಪುಟ

ಆಟದ ಆ ಹೊಸ ಪುಸ್ತಕದ ಬಗ್ಗೆ ಈಗ ನಮ್ಮ ಭಾವನನ್ನು ಯಾರಾದರೂ ಕೇಳಿದರೆ, ನೋಡಿದ ಮೊದಲ ದಿನವೇ ತಮಗೆ ಅದು ಹಿಡಿಸಿತ್ತು ಎಂದು ರೆಪ್ಪೆ ಮಿಟುಕಿಸದೆ ಹೇಳುತ್ತಾರೆ. ಕೇಳಿದವರು ನಂಬುತ್ತಾರೆ. ಕನ್ನಡಕದ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಊರವರ ಕಣ್ಣು ಪರೀಕ್ಷೆ ಮಾಡಿದ ಮನುಷ್ಯ ಕಂಡದ್ದನ್ನೇ ಹೇಳುತ್ತಾನೆ ಎಂದು ಜನರ ಅಂದಾಜು. ಆ ಮೊದಲ ದಿನ ಪಕ್ಕದಲ್ಲಿ ನಿಂತಿದ್ದವನು ನಾನು. ಹೆಂಡತಿಯ ತಮ್ಮನಾದವನು ಇಂಥ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರಬೇಕು ಎಂಬುದು ನಮ್ಮ ಮನೆಯ ಕಾನೂನು. ಆದರೆ ಸತ್ಯ ಎಂಬುದೂ ಒಂದಿದೆಯಲ್ಲ, ಅದರ ಗತಿಯೇನು? ಅದಕ್ಕೇ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಮೇಜು, ಸುತ್ತ ನಾಲ್ಕೈದು ಜನ, ಒಂದು ಹಿಡಿ ದಾಳ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅದರಲ್ಲಿ ಒಂದೊಂದು ಪಾತ್ರವಾಗುತ್ತಾರೆ. ಎದುರಿಗೆ ಕಂದಕವಿದೆ, ಹಾರುತ್ತೀರಾ ಎಂದು ಕಥೆ ನಡೆಸುವವರು ಕೇಳುತ್ತಾರೆ. ಹಾರುತ್ತೇನೆ ಎಂದು ದಾಳ ಎಸೆಯಬೇಕು. ದಾಳ ಒಲಿದರೆ ಆಚೆ ದಡ, ಮುನಿದರೆ ಕಂದಕದ ತಳ. ಯಾವ ಸಂಖ್ಯೆ ಬಿದ್ದರೆ ಏನು ಎಂದು ಹೇಳುವುದಕ್ಕೆ ಒಂದು ನಿಯಮದ ಪುಸ್ತಕವಿರುತ್ತದೆ. ಅಚ್ಚು ಹಾಕಿಸುವವರು ಕೆಲವು ವರ್ಷಕ್ಕೊಮ್ಮೆ ಅದನ್ನು ತಿದ್ದಿ ಹೊಸ ಆವೃತ್ತಿ ತರುತ್ತಾರೆ. ತಂದಾಗಲೆಲ್ಲ ಆಡುವವರು ಎದೆ ಬಡಿದುಕೊಳ್ಳುತ್ತಾರೆ.

ನಮಗೆ ಈ ಆಟ ಕಲಿಸಿದವರು ಗಣಿತದ ಮೇಷ್ಟ್ರು. ಹದಿನಾಲ್ಕು ವರ್ಷದ ಹಿಂದೆ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಶುರು ಮಾಡಿದರು. ಮೊದಲು ಸೇರಿದವರು ಭಾವ ಮತ್ತು ಬೇಕರಿಯವರು. ಗಂಡ ಭಾನುವಾರ ಎಲ್ಲಿಗೆ ಹೋಗುತ್ತಾನೆ ಎಂದು ನೋಡಲು ಬಂದ ಅಕ್ಕ ಕಳ್ಳಿಯ ಪಾತ್ರ ತೆಗೆದುಕೊಂಡು ಕೂತುಬಿಟ್ಟಳು. ಅಕ್ಕನನ್ನು ಕರೆದುಕೊಂಡು ಹೋಗಲು ಬಂದ ನಾನೂ ಕೂತೆ. ನನ್ನದು ಜೆರಾಕ್ಸ್ ಅಂಗಡಿ. ಎಲ್ಲರ ಪಾತ್ರದ ಹಾಳೆಗಳನ್ನು ಪ್ರತಿ ಮಾಡಿಕೊಡುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಮೇಷ್ಟ್ರು ತೀರಿಕೊಂಡರು. ಒಂದು ತಿಂಗಳು ಯಾರೂ ಆ ಮಾತೆತ್ತಲಿಲ್ಲ. ಆಮೇಲೆ ಭಾವ ಲೈಬ್ರರಿಯ ಹಿಂದಿನ ಕೋಣೆಯಲ್ಲೊಂದು ಮೇಜು ಕೇಳಿಕೊಂಡು ತಾವೇ ಕಥೆ ನಡೆಸತೊಡಗಿದರು. ಮೇಷ್ಟ್ರ ಹಳೆಯ ಪುಸ್ತಕ ಭಾವನ ಅಂಗಡಿಯಲ್ಲಿ, ಫ್ರೇಮುಗಳ ಪೆಟ್ಟಿಗೆಯ ಮೇಲೆ, ಕಾಗದದ ಹೊದಿಕೆ ಹಾಕಿಸಿಕೊಂಡು ಕೂತಿತು. ದಿನಾ ಅದರ ಧೂಳು ಒರೆಸುತ್ತಿದ್ದರು. ತೆರೆದು ನೋಡುವ ಧೈರ್ಯ ಮಾಡಿರಲಿಲ್ಲ. ನಿಯಮಗಳೆಲ್ಲ ನಾಲಿಗೆಯ ತುದಿಯಲ್ಲಿರುವಾಗ ತೆರೆಯುವ ಅಗತ್ಯವೇನು ಎನ್ನುತ್ತಿದ್ದರು.

ಅವುಗಳಲ್ಲೆಲ್ಲ ದೊಡ್ಡ ನಿಯಮ ಒಂದಿತ್ತು. ಪಾತ್ರ ಯಾವುದಾದರೂ ಸತ್ತರೆ ಆಟ ಅಲ್ಲಿಗೇ ನಿಲ್ಲಬೇಕು. ಮೇಜಿನ ಸುತ್ತ ಇರುವ ಪ್ರತಿಯೊಬ್ಬರೂ ಆ ಪಾತ್ರ ಮಾಡಿದ ಒಂದೊಂದು ಒಳ್ಳೆಯ ಕೆಲಸ ಹೇಳಬೇಕು. ಎಲ್ಲರೂ ಹೇಳಿ ಮುಗಿಸುವವರೆಗೆ ದಾಳವನ್ನು ಯಾರೂ ಮುಟ್ಟಬಾರದು. ಮೇಷ್ಟ್ರು ಇದನ್ನು ಹೇಳುವಾಗಲೆಲ್ಲ ಬೆರಳೆತ್ತಿ, ನೂರ ಹನ್ನೆರಡನೇ ಪುಟ, ಎನ್ನುತ್ತಿದ್ದರು. ನಾವೂ ಹಾಗೇ ಕರೆಯುತ್ತಿದ್ದೆವು. ನನ್ನ ಮೊದಲ ಬಿಲ್ಲುಗಾರ ಸತ್ತಾಗ ಅಕ್ಕ ಅವನ ಬಗ್ಗೆ ಆಡಿದ ಒಳ್ಳೆಯ ಮಾತನ್ನು ನನ್ನ ಬಗ್ಗೆ ಜನ್ಮದಲ್ಲಿ ಆಡಿಲ್ಲ.

ಹೀಗಿರುವಾಗ ಹೊಸ ಆವೃತ್ತಿ ಬಂತು. ಲೈಬ್ರರಿಯವರೇ ಒಂದು ಪ್ರತಿ ತರಿಸಿದ್ದರು. ಭಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದರು. ಹೊದಿಕೆಯ ಮೇಲಿನ ರಾಕ್ಷಸ ನಗುತ್ತಿದ್ದಾನೆ, ರಾಕ್ಷಸ ನಗುವ ಆಟ ಉದ್ಧಾರವಾಗುವುದಿಲ್ಲ ಎಂದು ಅಲ್ಲೇ ತೀರ್ಪು ಕೊಟ್ಟರು. ಆಮೇಲೆ ನೇರವಾಗಿ ನೂರ ಹನ್ನೆರಡನೇ ಪುಟ ತೆಗೆದರು. ಅಲ್ಲಿ ಹಗ್ಗ, ಲಾಂದ್ರ, ಕೊಡಲಿ ಇವುಗಳ ತೂಕದ ಪಟ್ಟಿ ಇತ್ತು. ಹಿಂದಿನ ಪುಟ ನೋಡಿದರು, ಮುಂದಿನ ಪುಟ ನೋಡಿದರು. ಪಾತ್ರ ಸತ್ತರೆ ಹೊಸ ಹಾಳೆ ತೆಗೆದುಕೊಂಡು ಆಟ ಮುಂದುವರಿಸುವುದು, ಎಂಬ ಒಂದು ಸಾಲು ಇನ್ನೆಲ್ಲೋ ಸಿಕ್ಕಿತು. ಭಾವನ ಮುಖ ಕಪ್ಪಿಟ್ಟಿತು. ಕಿತ್ತುಹಾಕಿದ್ದಾರೆ ಎಂದರು.

ಮರುದಿನದಿಂದ ಅವರ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಎರಡನೆಯ ಕೆಲಸವಾಯಿತು. ಪರೀಕ್ಷೆಯ ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಗಾಜು ಬದಲಿಸುವ ಆ ಭಾರದ ಫ್ರೇಮು ಏರಿಸಿದ ಮೇಲೆ ಅವರು ಓಡಿಹೋಗುವಂತಿಲ್ಲ. ಭಾವ ಒಂದೊಂದು ಗಾಜು ಹಾಕುತ್ತ, ನೂರ ಹನ್ನೆರಡನೇ ಪುಟಕ್ಕೆ ಆದ ಅನ್ಯಾಯವನ್ನು ಸವಿಸ್ತಾರವಾಗಿ ಹೇಳಿ, ಕೊನೆಗೆ ಒಂದು ಕಾಗದ ಚಾಚುತ್ತಿದ್ದರು. ಪುಟವನ್ನು ಮರಳಿ ಸೇರಿಸಬೇಕೆಂದು ಪುಸ್ತಕ ಅಚ್ಚು ಹಾಕಿಸಿದವರಿಗೆ ಬರೆದ ಮನವಿ ಅದು. ಸ್ವಂತ ಕನ್ನಡಕ ಬಿಚ್ಚಿ ಕೂತವರಿಗೆ ಏನು ಬರೆದಿದೆ ಎಂದು ಕಾಣುವ ಹಾಗಿಲ್ಲ. ಹಾಗಾಗಿ ಹದಿನೈದೇ ದಿನದಲ್ಲಿ ನೂರ ಮೂವತ್ತು ಸಹಿ ಬಿದ್ದವು. ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ಬೀದಿದೀಪದ ಅರ್ಜಿ ಎಂದುಕೊಂಡು ಸಹಿ ಹಾಕಿ, ವಾರಕ್ಕೊಮ್ಮೆ ಬಂದು ದೀಪ ಯಾವಾಗ ಹಾಕಿಸುತ್ತೀರಿ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಭಾವ ಅವರಿಗೆ, ಹೋರಾಟ ನಡೆದಿದೆ ಸಾರ್, ಎನ್ನುತ್ತಿದ್ದರು.

ಇಲ್ಲಿ ನನ್ನದೂ ಒಂದು ತಪ್ಪಿದೆ, ಒಪ್ಪಿಕೊಂಡುಬಿಡುತ್ತೇನೆ. ಮನವಿಯ ಪ್ರತಿ ಮಾಡುವಾಗ ಅಭ್ಯಾಸಬಲದಿಂದ ಒಂದು ಹೆಚ್ಚು ತೆಗೆದೆ. ಹೆಚ್ಚು ಬಂದದ್ದನ್ನು ಎಸೆಯಲು ಮನಸ್ಸಾಗದೆ, ಕಳಿಸುವವರ ವಿಳಾಸದಲ್ಲಿ ಲೈಬ್ರರಿಯ ಹೆಸರು ಇದೆಯಲ್ಲ ಎಂದು ಲೈಬ್ರರಿಯ ಮೇಲಧಿಕಾರಿಗಳ ಕಚೇರಿಗೆ ಕಳಿಸಿದೆ. ಅವರು ಅದನ್ನು ಓದಿ ಅರ್ಥ ಮಾಡಿಕೊಂಡದ್ದು ಇಷ್ಟೇ: ಆ ಲೈಬ್ರರಿಯ ಪುಸ್ತಕದಿಂದ ನೂರ ಹನ್ನೆರಡನೇ ಪುಟವನ್ನು ಯಾರೋ ಕಿತ್ತಿದ್ದಾರೆ, ನೂರ ಮೂವತ್ತು ಓದುಗರು ದೂರು ಕೊಟ್ಟಿದ್ದಾರೆ. ಯಾವ ಪುಸ್ತಕ ಎಂದು ಖಚಿತವಾಗದ ಕಾರಣ ಎಲ್ಲ ಪುಸ್ತಕಗಳ ನೂರ ಹನ್ನೆರಡನೇ ಪುಟವನ್ನೂ ಪರಿಶೀಲಿಸಿ ವರದಿ ಮಾಡತಕ್ಕದ್ದು ಎಂದು ಆದೇಶ ಬಂತು.

ಲೈಬ್ರರಿ ಮೇಡಂ ಬಗ್ಗೆ ಹೇಳದಿದ್ದರೆ ಇದರ ಗಾಂಭೀರ್ಯ ತಿಳಿಯದು. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನ ಒಂದು ಚುಕ್ಕೆ ಕಂಡರೂ ಹಿಂದಿನ ಐವರು ಓದುಗರನ್ನು ಕರೆಸಿ ಕೇಳುವ ಹೆಂಗಸು ಅವರು. ಹನ್ನೊಂದು ಸಾವಿರ ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಆ ಒಂದು ಪುಟ ನೋಡಿ, ಮತ್ತೆ ಇಟ್ಟರು. ಇಪ್ಪತ್ತಾರು ದಿನ ಹಿಡಿಯಿತು. ಅಷ್ಟು ದಪ್ಪವಿಲ್ಲದ ಪುಸ್ತಕಗಳಿಗೆ ಬೇರೆಯೇ ಪಟ್ಟಿ ಮಾಡಿದರು. ಕೊನೆಗೆ ಕುತ್ತಿಗೆ ತಿರುಗಿಸಲಾಗದೆ, ಮೈಯನ್ನೇ ತಿರುಗಿಸಿ ನೋಡುವ ಸ್ಥಿತಿಯಲ್ಲಿ ಭಾವನ ಅಂಗಡಿಗೆ ಬಂದರು. ಮುಂದಿನ ಭಾನುವಾರ ಅಧಿಕಾರಿಗಳೇ ಬರುತ್ತಾರೆ, ನಿಮ್ಮ ಹಳೆಯ ಪುಸ್ತಕ ತಂದು ಆ ಪುಟ ತೋರಿಸಿ, ಇಲ್ಲದಿದ್ದರೆ ಮೇಜು ಖಾಲಿ ಮಾಡಿ ಎಂದರು. ಭಾವ ಹಿಗ್ಗಿಹೋದರು. ಕೊನೆಗೂ ಸರ್ಕಾರದ ಕಣ್ಣು ತೆರೆಯಿತು ಎಂದು ಅಕ್ಕನ ಹತ್ತಿರ ಹೇಳಿಕೊಂಡರು.

ಭಾನುವಾರ ಅಧಿಕಾರಿ ಬಂದರು, ಒಂದು ಕಡತ ಬಗಲಲ್ಲಿ ಇಟ್ಟುಕೊಂಡ ಸಣಕಲು ಮನುಷ್ಯ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪುಸ್ತಕವನ್ನು ಮಗುವನ್ನು ಎತ್ತಿಕೊಂಡ ಹಾಗೆ ತಂದು ಮೇಜಿನ ಮೇಲಿಟ್ಟರು. ಎಲ್ಲರ ಎದುರು ಹೊದಿಕೆ ಬಿಚ್ಚಿ ಹಾಳೆ ಮಗುಚತೊಡಗಿದರು. ತೊಂಬತ್ತು ಆಯಿತು. ತೊಂಬತ್ತೈದು ಆಯಿತು. ತೊಂಬತ್ತಾರು ಆದ ಮೇಲೆ ರಟ್ಟು ಬಂತು.

ಅಧಿಕಾರಿ ಬಗ್ಗಿ ನೋಡಿದರು. "ಇದ್ರಲ್ಲಿ ಇರೋದೇ ತೊಂಬತ್ತಾರು ಪುಟ ಅಲ್ವಾ" ಎಂದರು.

ಕಿತ್ತಿದ್ದಾರೆ ಎಂದು ಭಾವ ಮತ್ತೆ ಶುರು ಮಾಡಿದರು, ಆದರೆ ದನಿಯಲ್ಲಿ ಹುರುಪಿರಲಿಲ್ಲ. ಅಧಿಕಾರಿ ಹೊಲಿಗೆ ನೋಡಿದರು, ಭದ್ರವಾಗಿತ್ತು. ತೊಂಬತ್ತಾರನೇ ಪುಟದ ಕೆಳಗೆ, ಮುಗಿಯಿತು, ಎಂದು ಅಚ್ಚಾಗಿತ್ತು. ಬೇಕರಿಯವರು ಪುಸ್ತಕ ಎಳೆದುಕೊಂಡು ಮೊದಲಿಂದ ಕೊನೆಯವರೆಗೆ ಕಣ್ಣಾಡಿಸಿದರು. ನಾವು ಹದಿನಾಲ್ಕು ವರ್ಷ ಆಡಿದ ಆ ನಿಯಮ ಅದರಲ್ಲಿ ಎಲ್ಲೂ ಇರಲಿಲ್ಲ. ನಿಜ ಹೇಳಬೇಕೆಂದರೆ ನಾವು ಆಡುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಅದರಲ್ಲಿ ಇರಲಿಲ್ಲ. ಒಬ್ಬ ಕನ್ನಡಕದವರು, ಒಬ್ಬ ಬೇಕರಿಯವರು, ದಿನಕ್ಕೆ ಸಾವಿರ ಪುಟ ಕೈಯಲ್ಲಿ ಹಾಯುವ ಜೆರಾಕ್ಸ್‌ನವನು, ಮನೆಯಲ್ಲಿ ಒಂದು ಚಮಚ ಕಡಿಮೆಯಾದರೂ ಕಂಡುಹಿಡಿಯುವ ಅಕ್ಕ: ನಾಲ್ವರಲ್ಲಿ ಒಬ್ಬರಿಗೂ ಆ ಪುಸ್ತಕದ ದಪ್ಪ ನೋಡಿ ಅನುಮಾನ ಬಂದಿರಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು.

ಅಧಿಕಾರಿ ಒಳ್ಳೆಯವರು, ಬೈಯಲಿಲ್ಲ. ಇಲ್ಲದ ಪುಟವನ್ನು ಯಾರೂ ಕಿತ್ತಿಲ್ಲ ಎಂದು ಕಡತದಲ್ಲಿ ಬರೆದುಕೊಂಡರು. ಮೇಜು ಇರಲಿ, ಆದರೆ ಆಟದ ಹೊತ್ತಿನಲ್ಲಿ ಜವಾಬ್ದಾರಿಯುತ ಸಿಬ್ಬಂದಿಯೊಬ್ಬರು ಅಲ್ಲೇ ಕೂತಿರತಕ್ಕದ್ದು ಎಂದು ಷರತ್ತು ಹಾಕಿ ಹೋದರು. ಲೈಬ್ರರಿಯಲ್ಲಿ ಇರುವ ಸಿಬ್ಬಂದಿ ಒಬ್ಬರೇ. ಮೇಡಂ ಮೈ ತಿರುಗಿಸಿ ನಮ್ಮನ್ನು ನೋಡಿದ ನೋಟವನ್ನು ನಾನು ವರ್ಣಿಸಲಾರೆ.

ಭಾವ ಆ ಯಾವುದನ್ನೂ ಗಮನಿಸಲಿಲ್ಲ. "ಮೇಷ್ಟ್ರು ಸುಳ್ಳು ಹೇಳ್ತಿದ್ರಾ?" ಎಂದು ನನ್ನನ್ನು ಕೇಳಿದರು.

ಸೋಮವಾರ ಅಂಗಡಿಯ ಬಾಗಿಲು ತೆರೆಯಲಿಲ್ಲ. ಭಾವ ನನ್ನನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರ ಹೆಂಡತಿ ಕಿಟಕಿಯ ಹತ್ತಿರ ಕೂತು ಹಳೆಯ ಕೊಡೆಯೊಂದರ ಕಡ್ಡಿಗೆ ಬಟ್ಟೆ ಹೊಲಿಯುತ್ತಿದ್ದರು. ವಿಷಯ ಕೇಳಿ ಅವರು ಮೊದಲು ಮಾಡಿದ ಕೆಲಸವೆಂದರೆ ನಗುವುದು. ಸೂಜಿ ಕೆಳಗಿಟ್ಟು ನಕ್ಕರು. ನಮ್ಮ ಯಜಮಾನರು ಆ ಪುಸ್ತಕದ ಇಪ್ಪತ್ತನೇ ಪುಟ ದಾಟಿದ್ದನ್ನು ನಾನು ನೋಡಿಲ್ಲಪ್ಪ ಎಂದರು. ಓದಲು ಕೂತರೆ ಕನ್ನಡಕ ಹಣೆಗೇರುತ್ತಿತ್ತಂತೆ, ಮತ್ತೆ ಗೊರಕೆಯೇ. ಉಳಿದ ನಿಯಮಗಳೆಲ್ಲ ಭಾನುವಾರ ಸ್ನಾನ ಮಾಡುವಾಗ ಹುಟ್ಟಿದವು.

"ಹಾಗಾದ್ರೆ ಆ ನಿಯಮ?" ಎಂದು ಭಾವ ಕೇಳಿದರು.

ಮೇಷ್ಟ್ರ ಹೆಂಡತಿ ಸೂಜಿ ಮತ್ತೆ ಎತ್ತಿಕೊಂಡರು. "ನೆನಪಿಲ್ವಾ ನಿಂಗೆ? ಮೊದಲನೇ ದಿನ ನೀನು ಏಣಿ ಹೊತ್ತ ಮನುಷ್ಯ ಆಗಿದ್ದೆ. ಅರ್ಧ ಗಂಟೆಗೆ ಸತ್ತ. ನೀನು ಒಂದು ಮಾತೂ ಆಡ್ದೆ ಪೆನ್ಸಿಲ್ ಜೇಬಿಗಿಟ್ಟು ಎದ್ದೆ. ನಾನು ಇಲ್ಲೇ ಬಾಗಿಲಲ್ಲಿ ನಿಂತಿದ್ದೆ. ನಿನ್ನ ಮುಖ ನೋಡಿದ ತಕ್ಷಣ ಇವರು, ಕೂತ್ಕೋ, ನೂರ ಹನ್ನೆರಡನೇ ಪುಟದಲ್ಲಿ ಒಂದು ನಿಯಮ ಇದೆ, ಅಂದ್ರು. ಪುಟದ ನಂಬರ್ ಹೇಳದಿದ್ರೆ ನೀನು ಕೂರ್ತಿರ್ಲಿಲ್ಲ, ಅಂತ ಆಮೇಲೆ ನಂಗೆ ಹೇಳಿದ್ರು."

ಭಾವನ ತಂದೆ ಬೀದಿದೀಪಗಳನ್ನು ಸರಿಮಾಡುವ ಕೆಲಸದಲ್ಲಿದ್ದವರು. ದಿನಾ ಸಂಜೆ ಏಣಿ ಹೊತ್ತು ಓಡಾಡುತ್ತಿದ್ದರು. ಆ ಮೊದಲ ಆಟದ ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದರು. ಮನೆಯಲ್ಲಿ ಅವರ ಮಾತು ತೆಗೆದರೆ ಅಕ್ಕನ ಅತ್ತೆ ಎದ್ದು ಹೋಗುತ್ತಿದ್ದರು ಎಂದು ಯಾರೂ ತೆಗೆಯುತ್ತಿರಲಿಲ್ಲ. ಭಾವನೂ ತೆಗೆದಿರಲಿಲ್ಲ. ಅಂದು ಏಣಿಯವನ ಬಗ್ಗೆ ಬೇಕರಿಯವರು ಒಂದು ಒಳ್ಳೆಯ ಮಾತು ಹೇಳಿದರಂತೆ, ಮೇಷ್ಟ್ರು ಒಂದು ಹೇಳಿದರಂತೆ. ಭಾವನ ಸರದಿ ಬಂದಾಗ ಅವರು ಶುರು ಮಾಡಿದ್ದು ಆರು ಗಂಟೆಯವರೆಗೂ ಮುಗಿಯಲಿಲ್ಲವಂತೆ. ಅರ್ಧ ಗಂಟೆ ಬದುಕಿದ್ದ ಏಣಿಯವನಿಗೆ ಅಷ್ಟೊಂದು ಒಳ್ಳೆಯ ಕೆಲಸ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಇದನ್ನು ಕೇಳುತ್ತ ನನಗೆ ಅಳು ಬಂತು. ಭಾವನಿಗೂ ಬರುತ್ತದೆ ಎಂದುಕೊಂಡೆ.

ಬರಲಿಲ್ಲ. ಅವರಿಗೆ ಬಂದದ್ದು ಸಿಟ್ಟು. ಮನೆಯ ಮೆಟ್ಟಿಲ ಹತ್ತಿರ ನಿಂತು, "ಅಂದ್ರೆ ನನ್ನ ನೋಡಿ ಪಾಪ ಅನ್ಸಿ ಮಾಡಿದ್ದು. ಹದಿನಾಲ್ಕು ವರ್ಷ ನಾನು ಅದನ್ನ ಕಾನೂನು ಅಂದ್ಕೊಂಡಿದ್ದೆ" ಎಂದರು. ಇನ್ನು ಮುಂದೆ ಅಚ್ಚಾದದ್ದು ಬಿಟ್ಟು ಒಂದು ಅಕ್ಷರವೂ ಆಡುವುದಿಲ್ಲ ಎಂದು ಶಪಥ ಮಾಡಿದರು.

ಹಾಗೆ ಹೊಸ ಆವೃತ್ತಿಗೆ ಶುಕ್ರದೆಸೆ ಬಂತು. ಭಾವ ಅದರ ಮುನ್ನೂರು ಪುಟವನ್ನೂ ಓದಿದರು, ಅಕ್ಷರದ ಬೋರ್ಡು ಓದುವವರ ಹಾಗೆ ಒಂದು ಕಣ್ಣು ಮುಚ್ಚಿಕೊಂಡು. ಮೊದಲ ವಾರ ಅಚ್ಚು ಸ್ಪಷ್ಟವಾಗಿದೆ ಎಂದು ಒಪ್ಪಿಕೊಂಡರು. ಮೂರನೆಯ ವಾರ ಹಗ್ಗದ ತೂಕದ ಪಟ್ಟಿ ಎಷ್ಟು ಮುಖ್ಯವೆಂದು ಕುರ್ಚಿಯಲ್ಲಿ ಕೂತವರಿಗೆ ವಿವರಿಸಿದರು. ಎರಡನೆಯ ತಿಂಗಳಲ್ಲಿ, ಹಳೆಯದು ಬರೀ ಬಾಯಿಮಾತು, ಇದು ಶಾಸ್ತ್ರ, ಎಂಬಲ್ಲಿಗೆ ಬಂದರು. ಸಹಿ ಹಾಕಿದ್ದ ನೂರ ಮೂವತ್ತು ಜನರಿಗೂ ಈಗ ಅದೇ ಕುರ್ಚಿಯಲ್ಲಿ, ಅದೇ ಭಾರದ ಫ್ರೇಮಿನಡಿ, ವಿರುದ್ಧ ಭಾಷಣ. ರಾಕ್ಷಸನ ನಗುವಿನಲ್ಲೂ ಒಂದು ಘನತೆಯಿದೆ ಎಂದು ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಇವರ ಮೂಗಿನ ಮೇಲಿನ ಪವರ್ರೇ ಬದಲಾಗಿದೆ" ಎಂದಳು ಅಕ್ಕ.

ಆದರೆ ಮೇಜು ಬಣಗುಟ್ಟತೊಡಗಿತು. ಆರು ವರ್ಷದಿಂದ ಬದುಕಿದ್ದ ಬೇಕರಿಯವರ ಸಿಪಾಯಿ ಒಂದು ಭಾನುವಾರ ಸತ್ತ. ಬೇಕರಿಯವರು ನಮ್ಮೆಲ್ಲರ ಮುಖ ನೋಡಿದರು. ಭಾವ ಪುಸ್ತಕ ನೋಡಿ, ಹೊಸ ಹಾಳೆ ತಗೊಳ್ಳಿ, ಎಂದರು. ತೆಗೆದುಕೊಂಡರು, ಹೆಸರು ಬರೆಯಲಿಲ್ಲ. ಮುಂದಿನ ವಾರ ಓವನ್ ಕೆಟ್ಟಿದೆ ಎಂದು ಹೇಳಿಕಳಿಸಿದರು. ಮೂರು ವಾರ ಓವನ್ ಕೆಟ್ಟೇ ಇತ್ತು, ಬ್ರೆಡ್ಡು ಮಾತ್ರ ದಿನಾ ಬಿಸಿಬಿಸಿಯಾಗಿ ಬರುತ್ತಿತ್ತು. ಅಕ್ಕನ ಕಳ್ಳಿಯೂ ಕದಿಯುವುದನ್ನು ನಿಲ್ಲಿಸಿ ಗೋಡೆಗೆ ಒರಗಿ ನಿಲ್ಲತೊಡಗಿದಳು. ಈ ಮೇಜು ಇನ್ನೆರಡು ತಿಂಗಳು ಉಳಿದರೆ ಹೆಚ್ಚು ಎಂದು ನನಗೆ ಅನ್ನಿಸಿತು, ಭಾವನಿಗೂ ಅನ್ನಿಸಿತ್ತು. ಮೇಷ್ಟ್ರ ಮೇಲಿನ ಸಿಟ್ಟಿಗೆ ಮೇಷ್ಟ್ರು ಬಿಟ್ಟುಹೋದದ್ದನ್ನೇ ಕಳೆದುಕೊಳ್ಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ಶಪಥ ಮಾಡಿಬಿಟ್ಟಿದ್ದರಲ್ಲ, ಇಳಿಯುವುದು ಹೇಗೆ ಎಂದು ಗೊತ್ತಿರಲಿಲ್ಲ.

ಈ ನಡುವೆ ಉತ್ಸಾಹದಿಂದ ಆಡುತ್ತಿದ್ದವರು ಒಬ್ಬರೇ, ಲೈಬ್ರರಿ ಮೇಡಂ. ಸುಮ್ಮನೆ ಕೂತು ಕಾಯುವುದು ಬೇಸರವೆಂದು ಒಂದು ಪಾತ್ರ ತೆಗೆದುಕೊಂಡಿದ್ದರು: ದೋಣಿ ನಡೆಸುವ ಮುದುಕಿ. ದೋಣಿ ಹತ್ತುವವರಿಗೆಲ್ಲ, ಒದ್ದೆ ಕಾಲಲ್ಲಿ ಹತ್ತಬೇಡಿ, ಎಂದು ಗದರುವ ಮುದುಕಿ. ನಾಲ್ಕು ತಿಂಗಳಲ್ಲಿ ನಮ್ಮನ್ನು ಹನ್ನೆರಡು ಸಲ ನದಿ ದಾಟಿಸಿದ್ದಳು. ಕುತ್ತಿಗೆಯೂ ಸರಿಹೋಗಿತ್ತು. ಭಾನುವಾರ ಮೂರು ಗಂಟೆಗೆ ಐದು ನಿಮಿಷ ಮೊದಲೇ ಮೇಡಂ ಪೆನ್ನು, ಹಾಳೆ ಜೋಡಿಸಿಕೊಂಡು ಕೂತಿರುತ್ತಿದ್ದರು.

ಅಕ್ಕ ಬೇಕರಿಗೇ ಹೋಗಿ ಓವನ್ ರಿಪೇರಿ ಮಾಡಿಸಿ ಅವರನ್ನು ಕರೆತಂದ ಭಾನುವಾರ ಅದು. ಕಥೆಯಲ್ಲಿ ನೆರೆ ಬಂದಿತ್ತು. ನಾವು ಮೂವರು ದಡ ಸೇರುವವರೆಗೆ ಮುದುಕಿ ಹಗ್ಗ ಹಿಡಿದು ನಿಲ್ಲುತ್ತಾಳೆ ಎಂದರು ಮೇಡಂ. ದಾಳ ಎಸೆದರು. ಒಂದು ಬಿತ್ತು. ನಾವು ದಾಟಿದೆವು, ದೋಣಿ ಹೋಯಿತು, ಮುದುಕಿಯೂ ಹೋದಳು.

ಮೇಡಂ ಹಾಳೆಯನ್ನು ಎರಡು ಮಡಿಕೆ ಮಾಡಿದರು. ಪೆನ್ನಿಗೆ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಇರ್ಲಿ ಬಿಡಿ, ಆಟ ತಾನೇ. ನಾನು ಕಿಟಕಿ ಹಾಕ್ಕೊಂಡ್ ಬರ್ತೀನಿ" ಎಂದು ಎದ್ದರು. ಕಿಟಕಿಗಳೆಲ್ಲ ಹಾಕಿಯೇ ಇದ್ದವು.

ಭಾವನ ಬೆರಳು ಪುಸ್ತಕದಲ್ಲಿ, ಹೊಸ ಹಾಳೆ ತೆಗೆದುಕೊಳ್ಳುವ ಆ ಸಾಲಿನ ಮೇಲಿತ್ತು. ಬಾಯಿ ತೆರೆದರು, ಓದಲಿಲ್ಲ. ಎದ್ದು ನಿಂತ ಮೇಡಂ ಮುಖವನ್ನೇ ನೋಡುತ್ತಿದ್ದರು. ಅಂದು ಮೇಷ್ಟ್ರು ತಮ್ಮ ಮುಖವನ್ನು ಹೇಗೆ ನೋಡಿರಬೇಕು ಎಂದು ಅವರಿಗೆ ಆಗ ತಿಳಿಯಿತು ಎಂದು ನನಗನ್ನಿಸುತ್ತದೆ. ಅದು ಕನಿಕರವಲ್ಲ. ಎದ್ದು ಹೋಗುತ್ತಿರುವವರು ಹೋಗದಿರಲಿ ಎಂಬ ಆಸೆ, ಅಷ್ಟೇ.

"ಕೂತ್ಕೊಳ್ಳಿ ಮೇಡಂ" ಎಂದರು ಭಾವ. "ಒಂದು ನಿಯಮ ಇದೆ."

ಮೇಡಂಗೆ ಪುಸ್ತಕ ಬಾಯಿಪಾಠ. "ಪುಸ್ತಕದಲ್ಲಿ ಇಲ್ಲ" ಎಂದರು.

"ಪುಸ್ತಕದಲ್ಲಿ ಇಲ್ಲ. ನಮ್ಮಲ್ಲಿ ಇದೆ."

ಮೇಡಂ ಕೂತರು. ಭಾವ ಪುಸ್ತಕ ಮುಚ್ಚಿದರು. ಮೊದಲು ಅವರೇ ಹೇಳಿದರು: ಎಷ್ಟು ಗದರಿದರೂ ಆ ಮುದುಕಿ ಒಂದು ಸಲವೂ ಯಾರನ್ನೂ ದಡದಲ್ಲಿ ಬಿಟ್ಟು ಬರಲಿಲ್ಲ ಎಂದು. ಒದ್ದೆ ಕಾಲಿನ ನನಗೆ ತನ್ನ ಸೆರಗು ಕೊಟ್ಟು ಒರೆಸಿಕೋ ಎಂದಿದ್ದನ್ನು ನಾನು ಹೇಳಿದೆ. ತಾನು ದೋಣಿಯಲ್ಲೇ ಕದ್ದದ್ದು ಕಂಡರೂ ಮುದುಕಿ ಕಾಣದ ಹಾಗೆ ನದಿ ನೋಡುತ್ತಿದ್ದಳು ಎಂದು ಅಕ್ಕ ಹೇಳಿದಳು. ಬೇಕರಿಯವರು ಹೇಳಿ ಮುಗಿಸಿ, ಸ್ವಲ್ಪ ತಡೆದು, ನಮ್ಮ ಸಿಪಾಯಿದೂ ಬಾಕಿ ಇದೆ ಎಂದರು. ಅವನದೂ ಹೇಳಿದೆವು. ಸಿಪಾಯಿಯದು ಮುಗಿಯುವಾಗ ಭಾವ ಮೇಜಿನ ಕಡೆ ನೋಡುತ್ತ, ಎರಡು ವರ್ಷದಿಂದ ಇನ್ನೊಬ್ಬರದೂ ಬಾಕಿ ಇದೆ, ಎಂದರು. ಯಾರದು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಭಾವ ಶುರು ಮಾಡಿದರು. ಅವತ್ತು ಲೈಬ್ರರಿ ಆರಕ್ಕೆ ಮುಚ್ಚಲಿಲ್ಲ.

ಎಲ್ಲ ಮುಗಿದ ಮೇಲೆ ಮೇಡಂ ಕೈ ಚಾಚಿ ಆ ಹೊಸ ಪುಸ್ತಕ ಎಳೆದುಕೊಂಡರು. ಕೊನೆಯ ಖಾಲಿ ಹಾಳೆ ತೆಗೆದು, ಲೈಬ್ರರಿಯ ಮೊಹರಿನ ಕೆಳಗೆ, ಪೆನ್ನಿನಿಂದ, ಗುಂಡಗಿನ ಅಕ್ಷರಗಳಲ್ಲಿ ನಿಯಮವನ್ನು ಪೂರ್ತಿ ಬರೆದರು. ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ಬರೆದು ಮುಗಿಸಿ ತಲೆಯೆತ್ತಿದರು.

"ಯಾರು ಮಾಡಿದ ನಿಯಮ ಅಂತ ಹಾಕ್ಲಿ?"

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು.

"ನಮ್ಮ ಮೇಷ್ಟ್ರು ಅಂತ ಹಾಕಿ" ಎಂದರು.